ಬಿ.ಎ. ಎರಡು ವರ್ಷ ಮುಗಿಯಿತು: ‘ಇದರಲ್ಲಿ ನಿನ್ನ ವಾಕ್ಯ ಯಾವುದು?’

ಹುಲೇಕಲ್ ರಸ್ತೆಯವಳು

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಮನೆಗೆ ಬಂದು ಹನ್ನೊಂದು ದಿನವಾಯಿತು. ಮಳೆ ಹಿಡಿದಿದೆ. ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ, ಮೊಬೈಲಿನಲ್ಲಿ ಅರ್ಧಕ್ಕಿಂತ ಕಡಿಮೆ ಚಾರ್ಜಿದೆ. ಅದು ಮುಗಿಯುವುದರೊಳಗೆ ಬರೆದು ಹಾಕಬೇಕೆಂದು ಕುಳಿತಿದ್ದೇನೆ. ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಾನು ಶಿರಸಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಪಿಯುಸಿಯಲ್ಲಿ ಸೈನ್ಸ್ ಓದಿ, ಫೇಲೂ ಆಗದೆ, ಆರ್ಟ್ಸಿಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಜಗಳವಾಗುತ್ತದೆಂದು ಕಾದಿದ್ದೆ. ಆಗಲಿಲ್ಲ. ಬದಲಿಗೆ ಎಲ್ಲರೂ ನನ್ನೊಡನೆ ಮೆತ್ತಗೆ ಮಾತಾಡತೊಡಗಿದರು, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ. ಅಪ್ಪ ‘ಫೀ ಕಡಿಮೆಯಲ್ಲವೇ, ಹೋಗಲಿ’ ಎಂದು ತೋಟಕ್ಕೆ ನಡೆದ. ಆಯಿ ಏನೂ ಹೇಳಲಿಲ್ಲ. ಮದುವೆಮನೆಯಲ್ಲಿ, ತಿಥಿಯೂಟದ ಪಂಕ್ತಿಯಲ್ಲಿ, ಅಡಕೆ ತೂಕಕ್ಕೆಂದು ಸೊಸೈಟಿಯ ಎದುರು ನಿಂತಾಗ, ಎಲ್ಲಿ ಹೋದರೂ ಒಂದೇ ಪ್ರಶ್ನೆ: ‘ಯಾಕೆ ತಂಗಿ, ಸೈನ್ಸ್ ಸಿಗಲಿಲ್ಲವೇ?’ ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ‘ಇಲ್ಲ, ಸಿಗಲಿಲ್ಲ’ ಎನ್ನುವುದನ್ನು ರೂಢಿ ಮಾಡಿಕೊಂಡೆ. ಅದರಿಂದ ಮಾತು ಬೇಗ ಮುಗಿಯುತ್ತದೆ.

ಮೊದಲ ವರ್ಷ ಪೂರ್ತಿ ನಾನು ಮಾಡಿದ ಕೆಲಸವೆಂದರೆ ಬರೆದುಕೊಳ್ಳುವುದು. ಸರ್ ಹೇಳುವುದು, ನಾವು ಬರೆಯುವುದು. ಪೀಠಿಕೆ, ಕಾರಣಗಳು, ಪರಿಣಾಮಗಳು, ಉಪಸಂಹಾರ. ಫ್ರಾನ್ಸಿನ ಕ್ರಾಂತಿಗೂ ಅದೇ ನಾಲ್ಕು ತಲೆಬರಹ, ನಿರುದ್ಯೋಗಕ್ಕೂ ಅದೇ ನಾಲ್ಕು. ಎರಡು ಅಂಕದ್ದು ಎರಡು ಸಾಲು, ಐದರದ್ದು ಒಂದು ಪುಟ, ಹತ್ತರದ್ದು ಮೂರು ಪುಟ. ಅಕ್ಷರ ದುಂಡಗಿದ್ದರೆ ಅರ್ಧ ಅಂಕ ಹೆಚ್ಚು ಎಂಬ ನಂಬಿಕೆ. ನನ್ನ ಅಕ್ಷರ ದುಂಡಗೇ ಇದೆ. ಇಂಟರ್ನಲ್ಸಿನಲ್ಲಿ ಒಳ್ಳೆಯ ಅಂಕ ಬಂತು. ಆದರೆ ಬಸ್ಸಿನಲ್ಲಿ ಕುಳಿತು ಯಾರಾದರೂ ‘ಏನು ಕಲಿಸಿದರು ಇವತ್ತು?’ ಎಂದರೆ ಬಾಯಿ ಬಿಡಲು ಬರುತ್ತಿರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಬನವಾಸಿ ಕದಂಬರ ಬಗ್ಗೆ ಹತ್ತು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದೆ. ಮಾರ್ಜಿನ್ ಹಾಕಿ, ಹಸಿರು ಪೆನ್ನಿನಲ್ಲಿ ತಲೆಬರಹ ಬರೆದು, ಮೇಲಿಂದ ಪ್ಲಾಸ್ಟಿಕ್ ಹೊದಿಕೆ ಬೇರೆ. ಮೇಡಂ ಅದನ್ನು ಹಿಂತಿರುಗಿಸಿದಾಗ ಅಂಕ ಇರಲಿಲ್ಲ. ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ಇದರಲ್ಲಿ ನಿನ್ನ ವಾಕ್ಯ ಯಾವುದು?’

ಸಿಟ್ಟು ಬಂತು. ಕದಂಬರ ವಿಷಯದಲ್ಲಿ ನನ್ನದೇ ಆದ ವಾಕ್ಯ ಎಲ್ಲಿಂದ ತರಲಿ, ನಾನೇನು ಅವರ ಮನೆಯವಳೇ? ಎರಡು ದಿನ ಬಿಟ್ಟು ಹೋಗಿ ಹಾಗೆಯೇ ಕೇಳಿದೆ. ಮೇಡಂ ನಕ್ಕು, ‘ಬನವಾಸಿ ಬಸ್ಸು ಎಷ್ಟು ಹೊತ್ತಿಗಿದೆ ಗೊತ್ತಲ್ಲ, ಹೋಗಿ ಬಾ’ ಎಂದರು.

ಬನವಾಸಿ ನಮಗೆ ಹೊಸದೇ? ತೇರಿಗೆ ಹೋಗಿದ್ದೇನೆ, ಕದಂಬೋತ್ಸವದ ಪೆಂಡಾಲಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡಿದ್ದೇನೆ. ಮಧುಕೇಶ್ವರನ ಗುಡಿಯ ಆವರಣದಲ್ಲಿ ಐದು ಹೆಡೆಯ ನಾಗರಕಲ್ಲು ಇರುವುದೂ ಗೊತ್ತು, ಕೈಮುಗಿದು ಮುಂದೆ ಹೋಗುತ್ತಿದ್ದೆವು. ಈ ಸಲ ನಾವು ನಾಲ್ವರು ಅದರ ಮುಂದೆ ಒಂದು ತಾಸು ಕುಳಿತೆವು. ಅದರ ಅಂಚಿನಲ್ಲಿರುವುದು ಬ್ರಾಹ್ಮಿ ಅಕ್ಷರ, ಭಾಷೆ ಪ್ರಾಕೃತ. ನಮಗೆ ಓದಲು ಬರುವುದಿಲ್ಲ, ಲೈಬ್ರರಿಯಿಂದ ಅನುವಾದ ಬರೆದುಕೊಂಡು ಹೋಗಿದ್ದೆವು. ಕದಂಬರಿಗಿಂತ ಹಿಂದೆ ಇಲ್ಲಿ ಆಳಿದ ಚುಟು ವಂಶದ ಅರಸನೊಬ್ಬನ ಮಗಳು ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿಕೊಟ್ಟಳಂತೆ. ಕೆತ್ತಿದವನ ಹೆಸರು ನಟಕ. ಅವನಿಗೆ ಕಲಿಸಿದ ಗುರುವಿನ ಹೆಸರೂ ಅಲ್ಲಿದೆ.

ನನ್ನ ಹತ್ತು ಪುಟಗಳಲ್ಲಿ ಬನವಾಸಿ ಕದಂಬರ ಮೊದಲ ಅರಸ ಮಯೂರಶರ್ಮನಿಂದ ಶುರುವಾಗಿತ್ತು. ಅದಕ್ಕೂ ಮೊದಲು ಅಲ್ಲೊಬ್ಬ ಹೆಣ್ಣುಮಗಳು ಕೆರೆ ಕಟ್ಟಿಸಿದ್ದಳು, ಅಲ್ಲಿ ಬೌದ್ಧ ವಿಹಾರವಿತ್ತು, ಜನ ಇನ್ನೊಂದು ಭಾಷೆಯಲ್ಲಿ ಕಲ್ಲು ಬರೆಸುತ್ತಿದ್ದರು ಎಂಬುದು ಐದು ಅಂಕಕ್ಕೆ ಬೇಕಾಗಿರಲಿಲ್ಲ. ಆದ್ದರಿಂದ ನನಗೂ ಬೇಕಾಗಿರಲಿಲ್ಲ.

ಅಲ್ಲಿಂದ ನನ್ನ ಓದು ತಾಳಗುಂದ ಶಾಸನಕ್ಕೆ ಬಂತು, ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಕಂಬದ ಮೇಲಿರುವ ಕದಂಬರ ಶಾಸನ. ಮಯೂರಶರ್ಮ ಅಜ್ಜನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಇದೆಲ್ಲ ಬರುವುದು ಆ ಶಾಸನದಲ್ಲಿ. (ಓದು ಬಿಟ್ಟು ಹೊರಟವನ ಕತೆಯನ್ನೇ ನಾವು ಕಾಲೇಜಿನಲ್ಲಿ ಹತ್ತು ಅಂಕಕ್ಕೆ ಓದುತ್ತೇವೆ, ಅದು ಬೇರೆ ಮಾತು.) ಆದರೆ ಅದನ್ನು ಕುಬ್ಜನೆಂಬ ಕವಿ ಬರೆದದ್ದು ಶಾಂತಿವರ್ಮನ ಕಾಲದಲ್ಲಿ, ಮಯೂರಶರ್ಮನ ನಂತರ ಸುಮಾರು ನೂರು ವರ್ಷಕ್ಕೆ. ಶಾಂತಿವರ್ಮ ಅದೇ ವಂಶದವನು. ಎಂದರೆ ಮನೆಯ ಹಿರಿಯನ ಬಗ್ಗೆ ಮನೆಯವರೇ ಬರೆಸಿದ ಪದ್ಯ! ನಮ್ಮ ದೊಡ್ಡಜ್ಜ ಹುಲಿಯನ್ನು ಕತ್ತಿಯಲ್ಲಿ ಹೊಡೆದ ಎಂದು ನಮ್ಮಲ್ಲೂ ಹೇಳುತ್ತಾರೆ. ಕತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಯಾರು ಹೇಳಿದರು, ಯಾವಾಗ, ಯಾರಿಗಾಗಿ ಎಂದು ಕೇಳದೆ ಅದನ್ನು ಮೂರು ಪುಟ ಇಳಿಸಿದ್ದೆನಲ್ಲ, ಅದು ಇಂದಿಗೂ ನಾಚಿಕೆ ತರುತ್ತದೆ.

ಅಸೈನ್‌ಮೆಂಟನ್ನು ಮತ್ತೆ ನಾಲ್ಕೇ ಪುಟದಲ್ಲಿ ಬರೆದು ಕೊಟ್ಟೆ. ಸೆಮಿಸ್ಟರ್ ಪರೀಕ್ಷೆಯಲ್ಲೂ ಅದೇ ಉಮೇದಿನಲ್ಲಿ ಕದಂಬರ ಪ್ರಶ್ನೆಗೆ ‘ಈ ಮಾಹಿತಿಯ ಮೂಲ’ ಎಂದು ಅರ್ಧ ಪುಟ ಬರೆದೆ. ಆ ವಿಷಯದಲ್ಲಿ ಹಿಂದಿನ ಸಲಕ್ಕಿಂತ ಒಂಬತ್ತು ಅಂಕ ಕಡಿಮೆ ಬಂತು. ನೋಟ್ಸ್ ಹಾಗೆಯೇ ಇಳಿಸಿದ ನನ್ನ ಗೆಳತಿಗೆ ನನಗಿಂತ ಹೆಚ್ಚು. ಮೂರನೇ ಸೆಮಿಸ್ಟರಿನಿಂದ ನಾನೂ ಬುದ್ಧಿ ಕಲಿತೆ: ಪರೀಕ್ಷೆಗೆ ಒಂದು ಬರೆಯುವುದು, ನನಗಾಗಿ ಇನ್ನೊಂದು ಬರೆದಿಟ್ಟುಕೊಳ್ಳುವುದು. ಇದು ಸರಿಯೋ ತಪ್ಪೋ ತಿಳಿಯುತ್ತಿಲ್ಲ. ಮೊದಲ ವರ್ಷ ಬೆಂಚಿಗೆ ನಾಲ್ವರಂತೆ ಕೂರುತ್ತಿದ್ದೆವು, ಈಗ ಇಬ್ಬರು. ಒಬ್ಬಳಿಗೆ ಮದುವೆಯಾಯಿತು, ಒಬ್ಬಳು ಬಟ್ಟೆ ಅಂಗಡಿಗೆ ಹೋಗುತ್ತಾಳೆ.

ಇಲ್ಲಿ ಆರ್ಟ್ಸ್ ಓದಿದವರು ಯಾರಿದ್ದೀರಿ? ನಿಮಗೆ ಮೊದಲ ಎರಡು ವರ್ಷ ಹೇಗಿತ್ತು?

ಘಟ್ಟ ಇಳಿದವನು

ಬರಹ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ. ಹಿಂದೆ ತೋಟವಿರುವವರಿಗೆ ಈ ಥರದ ಬಿ.ಎ. ಚೆಂದ. ನಟಕ ಯಾರು, ಅವನ ಗುರು ಯಾರು ಎಂದು ಗುಡಿಯ ಮುಂದೆ ಒಂದು ತಾಸು ಕೂರಲು ಮನೆಯಲ್ಲಿ ಚಾಲಿ ಅಡಕೆ ಒಣಗುತ್ತಿರಬೇಕು. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದೆ, ಇಷ್ಟವಿತ್ತೆಂದಲ್ಲ, ಸಾಲ ತೀರಿಸಬೇಕಿತ್ತು. ಈಗ ಬೆಂಗಳೂರಿನಲ್ಲಿದ್ದೇನೆ, ಸಾಲ ತೀರಿದೆ. ಇಪ್ಪತ್ತೊಂದನೇ ವಯಸ್ಸಿಗೆ ನಿಮ್ಮ ಕೈಯಲ್ಲಿ ಏನಿರುತ್ತದೆ? ಕೆಂಪು ಶಾಯಿಯ ಒಂದು ಪ್ರಶ್ನೆ.

ಬೇಜಾರು ಮಾಡಿಕೊಳ್ಳಬೇಡಿ.

ಕಾಳಿ ದಡದವನು

ಘಟ್ಟ ಇಳಿದವರೇ, ನಮಗೆ ತೋಟವಿಲ್ಲ. ಇದ್ದದ್ದು ಮಾವನ ಟ್ರಾಲರಿನಲ್ಲಿ ಒಂದು ಕೆಲಸ. ಆದರೂ ಕಾರವಾರದಲ್ಲಿ ಬಿ.ಎ.ಗೆ ಸೇರಿದೆ, ಈಗ ಎರಡನೇ ವರ್ಷ ಮುಗಿಯಿತು. ಹಾಗಾಗಿ ಆ ಮಾತನ್ನು ವಾಪಸು ತೆಗೆದುಕೊಳ್ಳಿ, ಅರ್ಧವನ್ನಾದರೂ.

ಉಳಿದ ಅರ್ಧ ನಿಜ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, 61 ದಿನ. ಕಾಲೇಜಿಗೂ ಆಗ ರಜೆ, ಅಡ್ಮಿಷನ್ನಿನ ಓಡಾಟ. ಕೈಯಲ್ಲಿ ಕೆಲಸವಿಲ್ಲದ ಕಾಲಕ್ಕೆ ತರಗತಿಯೂ ಇಲ್ಲ. ಆಗಸ್ಟ್ ಒಂದಕ್ಕೆ ದೋಣಿಗಳು ಹೊರಡುತ್ತವೆ, ಇತ್ತ ತರಗತಿಗಳು ಬಿಗಿಯಾಗುತ್ತವೆ. ವರ್ಷದ ಒಳ್ಳೆಯ ದುಡಿಮೆ ಬರುವುದು ಆ ಮೊದಲ ತಿಂಗಳುಗಳಲ್ಲೇ. ಹಾಜರಿ 75 ಪರ್ಸೆಂಟ್ ಬೇಕು. ಮಾವ ಹೇಳುತ್ತಾನೆ: ‘ಸಮುದ್ರವೂ ಹಾಜರಿ ತೆಗೆಯುತ್ತದೆ.’ ಈ ಕ್ಯಾಲೆಂಡರನ್ನು ಕಟ್ಟಿದವರು ಯಾರೂ ಬಂದರಿನ ಹತ್ತಿರ ಬೆಳೆದವರಲ್ಲ. ಹುಲೇಕಲ್ ರಸ್ತೆಯವರೇ, ನಿಮ್ಮ ಕಡೆ ಅಡಕೆಯ ಕೊನೆ (ಗೊನೆ) ಕೊಯ್ಲಿನ ಕಾಲಕ್ಕೂ ಒಂದು ಸೆಮಿಸ್ಟರಿನ ಪರೀಕ್ಷೆ ಬಂದು ಬೀಳುತ್ತದೆಯಲ್ಲವೇ?

ನಾವು ಸೇರಿದ್ದು 2024ರಲ್ಲಿ. ಆ ವರ್ಷ ನೆನಪಿದೆಯಲ್ಲ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಅಂಕೋಲೆಯ ಆಚೆಯಿಂದ ಬರುವವರು ತರಗತಿಗೇ ಬರಲಾಗಲಿಲ್ಲ. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು. ನನ್ನ ಮನೆ ಸದಾಶಿವಗಡದ ಕಡೆ. ಬೆಳಿಗ್ಗೆ ಎದ್ದಾಗ ನಿತ್ಯ ದಾಟುತ್ತಿದ್ದ ಸೇತುವೆ ನೀರಿನಲ್ಲಿತ್ತು. ನನ್ನ ಕಾಲೇಜು ಜೀವನ ಆರಂಭವಾದದ್ದು ಹಾಗೆ, ಪೀಠಿಕೆ ಕಾರಣ ಪರಿಣಾಮ ಯಾವುದೂ ಇಲ್ಲದೆ.

ನನಗೂ ಒಂದು ಅಸೈನ್‌ಮೆಂಟಿನಿಂದಲೇ ತಿರುವು ಬಂತು. ಸಮಾಜಶಾಸ್ತ್ರಕ್ಕೆ ‘ನಿಮ್ಮ ಊರಿನ ಒಂದು ಸಂಸ್ಥೆ’ ಎಂದು ಕೊಟ್ಟಿದ್ದರು. ಎಲ್ಲರೂ ಪಂಚಾಯಿತಿ, ಸ್ವಸಹಾಯ ಸಂಘ ಎಂದು ಬರೆದರು. ನಾನು ಅಜ್ಜನ ಹತ್ತಿರ ರಂಪಣಿಯ ವಿಷಯ ಕೇಳಿದೆ. ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಹತ್ತಾರು ಜನ ದಡದಲ್ಲಿ ನಿಂತು ಎಳೆಯುವುದು, ಬಂದದ್ದನ್ನು ಪಾಲು ಹಾಕುವುದು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು, ದೇವರಿಗೆ ಇಷ್ಟು. ಎಳೆಯಲು ಬಂದ ಮುದುಕರಿಗೂ ಬರಿಗೈಯಲ್ಲಿ ಹೋಗು ಎನ್ನುತ್ತಿರಲಿಲ್ಲವಂತೆ. 1970ರ ದಶಕದ ಉತ್ತರಾರ್ಧದಲ್ಲಿ, ಮೀನಿನ ಹಿಂಡನ್ನು ಕಡಲಿನಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ದಡಕ್ಕೆ ಮೀನು ಬರುವುದು ಕಡಿಮೆಯಾಯಿತು, ರಂಪಣಿ ಸೋತಿತು. ಅಜ್ಜ ಇದನ್ನೆಲ್ಲ ಮೂರು ರಾತ್ರಿ ಹೇಳಿದ. ಹೇಳುವಾಗ ಕೈ ಹಗ್ಗ ಎಳೆಯುವ ಹಾಗೆ ಆಡುತ್ತಿತ್ತು. ನಾನು ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ.

ಲೈಬ್ರರಿಯಲ್ಲಿ 1883ರ ಕೆನರಾ ಗೆಜೆಟಿಯರ್ (ಬ್ರಿಟಿಷರ ಕಾಲದ, ನಮ್ಮ ಜಿಲ್ಲೆಯ ವಿವರಗಳ ಪುಸ್ತಕ) ಇದೆ ಎಂದು ಸರ್ ತೋರಿಸಿದರು. ಆಗ ನಾವು ಮುಂಬಯಿ ಪ್ರಾಂತ್ಯದವರು; 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ್ದರು. ಅದೇ ಆಸುಪಾಸಿನಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ದರು, ಕಡಲತೀರಕ್ಕೆ ಈಗ ಅವರದೇ ಹೆಸರು. ಬಂದು ಹೋದ ಅತಿಥಿಯ ಹೆಸರು ಬೀಚಿಗಿದೆ, ದಿನವೂ ಅಲ್ಲಿ ಬಲೆ ಎಳೆದವರ ಹೆಸರು ಎಲ್ಲಿಯೂ ಇಲ್ಲ ಎಂದು ಬರೆದೆ. ಅದು ನನ್ನ ವಾಕ್ಯ. ಅಂಕ ಎಷ್ಟು ಬಂತೆಂದು ಕೇಳಬೇಡಿ.

ಶಾಸನದ ಹುಚ್ಚಿನವ

ಸಣ್ಣ ಮಾತು, ಆದರೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹುಲೇಕಲ್ ರಸ್ತೆಯವರು ‘ಮಯೂರಶರ್ಮ’ ಎಂದೇ ಬರೆದದ್ದು ಸಂತೋಷ. ತಾಳಗುಂದದಲ್ಲಿರುವುದು ಅದೇ. ಜನರ ಬಾಯಲ್ಲಿ ‘ವರ್ಮ’ನೇ ಹೆಚ್ಚು ಓಡುತ್ತದೆ.

ಇನ್ನೊಂದು: ಆ ಶಾಸನವನ್ನು ಕಂಬದ ಮೇಲೆ ಬರೆಸಿದ ನೆಪ ಮಯೂರಶರ್ಮನಲ್ಲ, ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆ. ನಾಗರಕಲ್ಲಿನಲ್ಲೂ ಕೆರೆ, ಇಲ್ಲೂ ಕೆರೆ. ರಾಜರ ಜಗಳ ಪಠ್ಯಕ್ಕೆ ಬರುತ್ತದೆ, ಕೆರೆ ಬರುವುದಿಲ್ಲ. ನಿಮ್ಮ ಮೇಡಮ್ಮಿಗೆ ನನ್ನ ನಮಸ್ಕಾರ ತಿಳಿಸಿ.

ಪೀರಿಯಡ್ ಲೆಕ್ಕದವನು

ಇದನ್ನು ಓದಿ ಎರಡು ದಿನ ಉತ್ತರ ಬರೆಯಲೋ ಬೇಡವೋ ಎಂದು ಕುಳಿತಿದ್ದೆ. ನಾನು ಈ ಜಿಲ್ಲೆಯಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹದಿಮೂರು ವರ್ಷದಿಂದ ಅತಿಥಿ. ಇಷ್ಟು ಕಾಲ ಉಳಿದ ಅತಿಥಿಗೆ ಯಾವ ಮನೆಯಲ್ಲಾದರೂ ಒಂದು ಕೋಣೆ ಕೊಡುತ್ತಿದ್ದರು.

ಹೇಳಿ ಬರೆಸುವವರಲ್ಲಿ ನಾನೂ ಒಬ್ಬ. ತಂಗಿ, ನೀನು ಬರೆದ ‘ಪೀಠಿಕೆ, ಕಾರಣಗಳು, ಪರಿಣಾಮಗಳು, ಉಪಸಂಹಾರ’ ಓದಿ ನಕ್ಕೆ, ಆಮೇಲೆ ನಗು ನಿಂತಿತು. ಯಾಕೆ ಹಾಗೆ ಮಾಡುತ್ತೇವೆಂದು ಹೇಳುತ್ತೇನೆ, ಸಮರ್ಥನೆ ಎಂದು ತಿಳಿಯಬೇಡ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, ನಾಲ್ಕು ವರ್ಷದ ಪದವಿ ಎಂದರು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ನೀವಿಬ್ಬರೂ ಸೇರಿದ ವರ್ಷ ನನಗೆ ಚೆನ್ನಾಗಿ ನೆನಪಿದೆ: ಬೆಳಿಗ್ಗೆ ಮೊದಲ ವರ್ಷದವರಿಗೆ ಹೊಸ ಪಠ್ಯಕ್ರಮ, ಮಧ್ಯಾಹ್ನ ಅದೇ ಕೋಣೆಯಲ್ಲಿ ಎರಡನೇ ವರ್ಷದವರಿಗೆ ಹಳೆಯದು. ಹಳೆಯದು ಎಂದರೆ ಮೂರು ವರ್ಷದ ಹಿಂದೆ ‘ಹೊಸದು’ ಎಂದು ಕೊಟ್ಟದ್ದು. ಪತ್ರಿಕೆಯ ಹೆಸರು ಬದಲಾಗುತ್ತದೆ, ಘಟಕಗಳು ಹಿಂದೆಮುಂದೆ ಆಗುತ್ತವೆ, ಅದಕ್ಕೆ ಹೊಂದುವ ಪುಸ್ತಕ ಕನ್ನಡದಲ್ಲಿ ಕೈಗೆ ಸಿಗುವಷ್ಟರಲ್ಲಿ ಸೆಮಿಸ್ಟರು ಅರ್ಧ ಮುಗಿದಿರುತ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಒಳ್ಳೆಯ ಪುಸ್ತಕಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿವೆ. ಹಾಗಾಗಿ ನಾನು ರಾತ್ರಿ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಸಣ್ಣದು ಮಾಡಿ, ಬೆಳಿಗ್ಗೆ ಬರೆಸುತ್ತೇನೆ. ನೀನು ನೋಟ್ಸ್ ಎನ್ನುವುದು ನಮ್ಮಲ್ಲಿ ಪಠ್ಯಪುಸ್ತಕವೇ. ಅದನ್ನು ನಿಲ್ಲಿಸಿದರೆ ಇಂಗ್ಲಿಷ್ ಬಲ್ಲ ಐದಾರು ಜನ ದಾಟಿಕೊಳ್ಳುತ್ತಾರೆ, ಉಳಿದವರ ಕೈಯಲ್ಲಿ ಏನೂ ಇರುವುದಿಲ್ಲ.

ಮತ್ತೆ, ನಮ್ಮ ನೇಮಕ ಪ್ರತಿ ವರ್ಷ ಹೊಸದಾಗಿ ಆಗಬೇಕು. ತರಗತಿ ಶುರುವಾಗಿ ಎಷ್ಟೋ ದಿನದ ಮೇಲೆ ಆದೇಶ ಬರುವುದುಂಟು. ಹೋದ ದಿನಗಳ ಪಾಠವನ್ನು ಉಳಿದ ದಿನಗಳಲ್ಲಿ ತುಂಬಬೇಕು. ಮಕ್ಕಳನ್ನು ಬನವಾಸಿಗೆ ಕಳಿಸುವ ಧೈರ್ಯ ಎಲ್ಲಿಂದ ಬರಬೇಕು? ನಿನ್ನ ಮೇಡಂ ಕಳಿಸಿದರಲ್ಲ, ಅವರ ಮೇಲೆ ನನಗೆ ಸ್ವಲ್ಪ ಅಸೂಯೆಯಾಯಿತು. ಇದನ್ನೂ ಬರೆದುಬಿಡುತ್ತೇನೆ.

ಅಂಕದ ವಿಷಯ. ಮೌಲ್ಯಮಾಪನದಲ್ಲಿ ದಿನಕ್ಕೆ ಇಷ್ಟು ಉತ್ತರಪತ್ರಿಕೆ ಎಂದು ಲೆಕ್ಕವಿರುತ್ತದೆ, ಪಕ್ಕದಲ್ಲಿ ಮಾದರಿ ಉತ್ತರವಿರುತ್ತದೆ. ‘ಈ ಮಾಹಿತಿಯ ಮೂಲ’ ಎಂಬ ಅರ್ಧ ಪುಟ ಮಾದರಿ ಉತ್ತರದಲ್ಲಿ ಇರಲಿಕ್ಕಿಲ್ಲ. ಓದಿದವನು ದುಷ್ಟನಾಗಿರಬೇಕೆಂದಿಲ್ಲ, ಅವನಿಗೆ ಸಂಜೆಯೊಳಗೆ ಮುಗಿಸಬೇಕಿತ್ತು.

ಘಟ್ಟ ಇಳಿದವನು

ಸರ್, ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಿ. ಕಲಿಸುವವರಿಗೆ ಖಾತ್ರಿಯಿಲ್ಲ, ಪಠ್ಯಕ್ಕೆ ಖಾತ್ರಿಯಿಲ್ಲ, ಅಂಕಕ್ಕೂ ಇಲ್ಲ. ಹಾಗಿರುವಾಗ ಮಕ್ಕಳನ್ನು ಅಲ್ಲಿಗೆ ಯಾಕೆ ಕಳಿಸಬೇಕು?

ಕಾಳಿ ದಡದವರೇ, ಅರ್ಧ ಮಾತು ವಾಪಸು ತೆಗೆದುಕೊಂಡಿದ್ದೇನೆ. ರಂಪಣಿಯ ಪಾಲಿನ ಲೆಕ್ಕ ಪೂರ್ತಿ ಬರೆದಿಟ್ಟಿದ್ದೀರಾ? ಇದ್ದರೆ ಇಲ್ಲಿ ಹಾಕಿ. ಸುಮ್ಮನೆ ಕೇಳುತ್ತಿಲ್ಲ, ನನಗೆ ಓದಬೇಕಾಗಿದೆ.

ಕುಮಟೆಯ ಅಕ್ಕ

ನಾನು 1990ರ ದಶಕದ ಶುರುವಿನಲ್ಲಿ ಬಿ.ಎ. ಓದಿದವಳು. ಆಗ ‘ಸೈನ್ಸ್ ಸಿಗಲಿಲ್ಲವೇ’ ಎಂದು ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ ತಂಗಿ. ಹೆಣ್ಣುಮಕ್ಕಳಿಗೆ ಬಿ.ಎ. ಎಂದರೆ ಗಂಡು ಗೊತ್ತಾಗುವವರೆಗೆ ಕೂರುವ ನೆರಳು. ನನ್ನ ಮದುವೆ ಗೊತ್ತಾದದ್ದು ಐದನೇ ಸೆಮಿಸ್ಟರ್ ಎಂದು ನೀವು ಹೇಳುವ ಕಾಲಕ್ಕೆ. ನಮಗೆ ಸೆಮಿಸ್ಟರು ಇರಲಿಲ್ಲ, ವರ್ಷಕ್ಕೊಂದು ಪರೀಕ್ಷೆ. ಮಾವನವರು ದೊಡ್ಡ ಮನಸ್ಸು ಮಾಡಿದ್ದರಿಂದ ಪರೀಕ್ಷೆ ಬರೆದೆ.

ನಮ್ಮ ಮನೆ ತದಡಿಯಲ್ಲಿ. ತಾರಿ ದಾಟಿ ಅಘನಾಶಿನಿಗೆ, ಅಲ್ಲಿಂದ ಬಸ್ಸಿನಲ್ಲಿ ಕುಮಟೆಗೆ. ಮಳೆಗಾಲದಲ್ಲಿ ದೋಣಿ ಬಿಡದ ದಿನ ಕಾಲೇಜಿಲ್ಲ. ಆಗ ರೈಲು ಮಾರ್ಗದ ಮಣ್ಣು ಕೆಲಸ ನಡೆಯುತ್ತಿತ್ತು. ಪೂರ್ತಿ ಹಾದಿಯಲ್ಲಿ ರೈಲು ಓಡಿದ್ದು 1998ರಲ್ಲಿ, ಅಷ್ಟರಲ್ಲಿ ನನ್ನ ದೊಡ್ಡ ಮಗ ಅಂಗನವಾಡಿಗೆ ಹೋಗುತ್ತಿದ್ದ. ಈಗಿನ ಹುಡುಗಿಯರು ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟಿನಲ್ಲಿ ಕಾಲೇಜಿಗೆ ಹೋಗುವುದನ್ನು ನೋಡಿದಾಗ ಹೊಟ್ಟೆ ತಣ್ಣಗಾಗುತ್ತದೆ. ನಮ್ಮ ಬೆಂಚಿನ ಇಬ್ಬರು ಪಾಸಿನ ದುಡ್ಡಿಲ್ಲದೆಯೇ ಬಿಟ್ಟಿದ್ದರು.

ನೋಟ್ಸಿನ ಒಂದು ಕತೆ ಹೇಳುತ್ತೇನೆ. ನಮಗೆ ಹಿರಿಯ ವಿದ್ಯಾರ್ಥಿನಿಯೊಬ್ಬರ ಅರ್ಥಶಾಸ್ತ್ರದ ನೋಟ್‌ಪುಸ್ತಕ ಸಿಕ್ಕಿತ್ತು. ಅವರಿಗೆ ಅವರ ಹಿರಿಯರಿಂದ ಬಂದದ್ದು. ಜನಸಂಖ್ಯೆಯ ಪಾಠದಲ್ಲಿ 1971ರ ಜನಗಣತಿಯ ಅಂಕಿ. ನಾವು ಓದುವಾಗ 1991ರ ಗಣತಿ ಮುಗಿದಿತ್ತು! ಇಡೀ ತರಗತಿ 1971ರದ್ದನ್ನೇ ಬರೆಯಿತು, ಇಡೀ ತರಗತಿ ಪಾಸಾಯಿತು. ಇಪ್ಪತ್ತು ವರ್ಷದಲ್ಲಿ ಹುಟ್ಟಿದ ಯಾರನ್ನೂ ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನನ್ನೂ ಸೇರಿಸಿ ಎನ್ನಬೇಕು, ನಾನು ಹುಟ್ಟಿದ್ದೇ ಆ ಗಣತಿಯ ಮಾರನೆಯ ವರ್ಷ.

ಘಟ್ಟ ಇಳಿದವರೇ, ಯಾಕೆ ಕಳಿಸಬೇಕು ಎಂದು ಕೇಳಿದಿರಿ. ನನ್ನ ಬಿ.ಎ.ಯಿಂದ ನನಗೆ ನೌಕರಿ ಬರಲಿಲ್ಲ. ಮನೆಯ ಜಮೀನಿನ ಕಾಗದ ಓದಿ, ಎಲ್ಲಿ ಸಹಿ ಹಾಕಬಾರದೆಂದು ಹೇಳಿದವಳು ನಾನು ಮಾತ್ರ. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಅಂಕ ಕೊಟ್ಟಿಲ್ಲ, ಜಮೀನು ಮಾತ್ರ ಇದೆ.

ಹುಲೇಕಲ್ ರಸ್ತೆಯವಳು

ಕರೆಂಟು ಬಂತು. ಎಲ್ಲವನ್ನೂ ಈಗ ಓದಿದೆ, ಎರಡು ಸಲ.

ಘಟ್ಟ ಇಳಿದವರೇ, ತೋಟದ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ನಮ್ಮದು ಒಂದು ಎಕರೆಗೂ ಕಡಿಮೆ, ಕೊಳೆ ರೋಗ ಬಂದ ವರ್ಷ ಅದೂ ಇಲ್ಲದ ಲೆಕ್ಕ. ಆದರೂ ಬಟ್ಟೆ ಅಂಗಡಿಗೆ ಹೋದ ನನ್ನ ಗೆಳತಿಗೆ ಅಷ್ಟೂ ಇರಲಿಲ್ಲ. ಅವಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಬನವಾಸಿಗೆ ಹೋದ ನಾಲ್ವರಲ್ಲಿ ಅವಳೂ ಇದ್ದಳು, ಅನುವಾದವನ್ನು ಗಟ್ಟಿಯಾಗಿ ಓದಿದವಳು ಅವಳೇ. ಮೊದಲ ಬರಹದಲ್ಲಿ ಅವಳನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟೆ, ಈಗ ನೋಡಿದರೆ ಕಸಿವಿಸಿಯಾಗುತ್ತದೆ.

ಕಾಳಿ ದಡದ ಅಣ್ಣ, ಹೌದು, ಕೊನೆ ಕೊಯ್ಲೂ ಪರೀಕ್ಷೆಯೂ ಒಟ್ಟಿಗೇ. ಹೋದ ವರ್ಷ ರಾತ್ರಿ ಅಡಕೆ ಸುಲಿಯುತ್ತ ರಾಷ್ಟ್ರೀಯ ಆದಾಯದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದ್ದೆ. ಮನೆಯ ಹೆಂಗಸರು ಮನೆಗಾಗಿ ಮಾಡುವ ಕೆಲಸ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಸಾಲು ಬಂದಾಗ ಆಯಿ ಕತ್ತಿಯಿಂದ ತಲೆಯೆತ್ತಿ, ‘ಇದನ್ನು ಬರೆದವರಿಗೆ ಚಹಾ ಮಾಡಿಕೊಟ್ಟವರು ಯಾರ?’ ಎಂದಳು.

ಸರ್, ನಿಮ್ಮ ಉತ್ತರಕ್ಕೆ ಏನು ಬರೆಯಲಿ ತಿಳಿಯದೆ ಕೊನೆಗೆ ಇಟ್ಟುಕೊಂಡೆ. ತಾಳಗುಂದದ ಶಾಸನವನ್ನು ಯಾರು, ಯಾವಾಗ, ಯಾರಿಗಾಗಿ ಬರೆದರು ಎಂದು ಕೇಳಲು ಕಲಿತೆ ಎಂದು ಜಂಬದಿಂದ ಹೇಳಿಕೊಂಡೆನಲ್ಲ, ನನ್ನ ಕೈಯಲ್ಲಿದ್ದ ನೋಟ್ಸನ್ನು ಯಾರು, ಯಾವಾಗ, ಯಾರಿಗಾಗಿ ಬರೆದರು ಎಂದು ಒಮ್ಮೆಯೂ ಕೇಳಿರಲಿಲ್ಲ. ರಾತ್ರಿ ಕುಳಿತು ಕನ್ನಡಕ್ಕೆ ತಂದವರು ಒಬ್ಬರಿದ್ದಾರೆ ಎಂದು ಹೊಳೆಯಲೇ ಇಲ್ಲ. ನಮ್ಮ ಸರ್ ಕೂಡ ಅತಿಥಿ ಉಪನ್ಯಾಸಕರೇ. ಅವರು ಹೇಳುವಾಗ ಕೆಲವು ಪದಗಳ ಹತ್ತಿರ ನಿಲ್ಲುತ್ತಿದ್ದರು, ಇನ್ನೊಂದು ಪದ ಹೇಳಿ, ‘ಇದನ್ನೇ ಇಟ್ಟುಕೊಳ್ಳಿ’ ಎನ್ನುತ್ತಿದ್ದರು. ಮರೆತಿದ್ದಾರೆ ಎಂದು ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು.

ಬೇಸರ ಪೂರ್ತಿ ಹೋಗಿಲ್ಲ. ಒಂಬತ್ತು ಅಂಕ ಇನ್ನೂ ನೋಯುತ್ತಿದೆ.

ಪೀರಿಯಡ್ ಲೆಕ್ಕದವನು

ನೋಯಲಿ. ಐದನೇ ಸೆಮಿಸ್ಟರಿನಲ್ಲಿ ಮೊದಲು ಮಾದರಿ ಉತ್ತರಕ್ಕೆ ಬೇಕಾದದ್ದನ್ನು ಬರೆದು, ಕೊನೆಯ ನಾಲ್ಕು ಸಾಲಿನಲ್ಲಿ ನಿನ್ನದನ್ನು ಬರೆ. ಅರ್ಧ ಪುಟ ಬೇಡ. ನಾಲ್ಕು ಸಾಲಾದರೆ ಸಂಜೆಯ ಹೊತ್ತಿಗೆ ಸುಸ್ತಾದವನೂ ಓದುತ್ತಾನೆ. ನಾನು ಓದುತ್ತೇನೆ.

ಕಾಳಿ ದಡದವನು

ಪಾಲಿನ ಲೆಕ್ಕ ಕೇಳಿದವರಿಗೆ: ಬರೆದಿಟ್ಟಿದ್ದೇನೆ, ಆದರೆ ಅಜ್ಜ ಹೇಳಿದ ಲೆಕ್ಕಕ್ಕೂ ಅವನ ತಮ್ಮ ಹೇಳಿದ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ದೇವರ ಪಾಲಿನಲ್ಲೇ ಇಬ್ಬರಿಗೂ ಜಗಳ. ಈಗ ಬಂದ್ ಇದೆ, ಇಬ್ಬರೂ ಮನೆಯಲ್ಲೇ ಇದ್ದಾರೆ. ಒಟ್ಟಿಗೆ ಕೂರಿಸಿ ಕೇಳಿ ಹಾಕುತ್ತೇನೆ.

ದ್ವಿತೀಯ ಪಿಯು ಮುಗಿಸಿದವಳು

ಅಕ್ಕ, ನಾನು ಯಲ್ಲಾಪುರದ ಕಡೆಯವಳು. ಈ ವರ್ಷ ಶಿರಸಿಯಲ್ಲಿ ಬಿ.ಎ.ಗೆ ಸೇರುತ್ತಿದ್ದೇನೆ, ಹಾಸ್ಟೆಲಿಗೆ ಅರ್ಜಿ ಹಾಕಿದ್ದೇನೆ. ಮನೆಯಲ್ಲಿ ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಕುಮಟೆಯ ಅಕ್ಕನ ಜಮೀನಿನ ಕಾಗದದ ಸಾಲನ್ನು ಅವನಿಗೆ ಓದಿ ಹೇಳಿದೆ. ಏನೂ ಮಾತಾಡದೆ ಎಲೆಯಡಕೆ ಹಾಕಿಕೊಂಡ. ಒಳ್ಳೆಯ ಲಕ್ಷಣ ಎಂದುಕೊಂಡಿದ್ದೇನೆ.

ಎಲ್ಲರೂ ನೋಟ್ಸ್ ಬೇಡ ಬೇಡ ಎನ್ನುತ್ತೀರಿ. ಕೇಳಲು ಸಂಕೋಚವಾಗುತ್ತದೆ. ನಿಮ್ಮ ಮೊದಲ ವರ್ಷದ ನೋಟ್ಸ್ ಇದ್ದರೆ ನನಗೆ ಕೊಡುತ್ತೀರಾ?

ಹುಲೇಕಲ್ ರಸ್ತೆಯವಳು

ಸಂಕೋಚ ಯಾಕೆ, ಕೊಡುತ್ತೇನೆ. ಆರು ಪುಸ್ತಕಗಳಿವೆ, ಅರ್ಥಶಾಸ್ತ್ರದ್ದರ ರಟ್ಟು ಹಾರಿಹೋಗಿದೆ. ಅಂಕಿ ಅಂಶಗಳು ಯಾವ ವರ್ಷದವು ಎಂದು ನೋಡಿಕೊಂಡು ಬರೆದುಕೋ. ಇತಿಹಾಸದ ಪುಸ್ತಕದ ಹಿಂಬದಿಯಲ್ಲಿ ಆ ಹತ್ತು ಪುಟದ ಅಸೈನ್‌ಮೆಂಟು ಹಾಗೆಯೇ ಇದೆ, ಅದನ್ನು ಕೊಡುವ ಮುಂಚೆ ತೆಗೆದಿಟ್ಟುಕೊಳ್ಳುತ್ತೇನೆ.

ಅಡ್ಮಿಷನ್ನಿಗೆ ಬರುವ ದಿನ ತಿಳಿಸು. ಹಳೇ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಬನ್ಸು ತಿಂದು ಕಾಲೇಜಿಗೆ ಹೋಗೋಣ, ಫಾರಂ ತುಂಬಲು ಸಾಲು ಉದ್ದವಿರುತ್ತದೆ. ಫೋಟೋ ನಾಲ್ಕು ಪ್ರತಿ ತಾ, ಎರಡು ಸಾಕು ಎಂದು ಬರೆದಿರುತ್ತಾರೆ, ಸಾಲುವುದಿಲ್ಲ.